ಆಮ್ಲದಿಂದ ನೀರಿಗೆ, ನೀರಿನಿಂದ ಫಾಸ್ಫೇಟಿಗೆ: ತಂತಿ ಸುರುಳಿ ಸಾಗಿಸುವ ಕ್ರೇನ್ ಕುರಿತು ಓದುಗರ ಪ್ರಶ್ನೆಗಳು

ಉಕ್ಕಿನ ತಂತಿಯ ಮೇಲಿನ ಸ್ಕೇಲ್ ಎಂಬ ಆಕ್ಸೈಡ್ ಪದರವನ್ನು ಆಮ್ಲದಿಂದ ತೆಗೆದು ಫಾಸ್ಫೇಟ್, ಸುಣ್ಣದ ಲೇಪ ಕೊಡುವ ಸಾಲಿನಲ್ಲಿ, ತಂತಿ ಸುರುಳಿಗಳನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಸಾಗಿಸುವ ಕ್ರೇನ್, ಕೊಕ್ಕೆ ಮತ್ತು ಸರಪಳಿಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ತಂತಿ ಎಳೆಯುವ ಕಾರ್ಖಾನೆ. ತಲಾ ಎರಡು ಟನ್ ತೂಕದ ಸುರುಳಿಯನ್ನು ಹೈಡ್ರೋಕ್ಲೋರಿಕ್ ಆಮ್ಲದ ಮೂರು ತೊಟ್ಟಿಗಳಲ್ಲಿ ಒಂದಾದ ಮೇಲೊಂದರಂತೆ ಹತ್ತು ಹತ್ತು ನಿಮಿಷ ಅದ್ದುತ್ತೇವೆ. ಆಮೇಲೆ ಎರಡು ಸಲ ನೀರು, ಫಾಸ್ಫೇಟ್, ಮತ್ತೆ ನೀರು, ಸುಣ್ಣ, ಕೊನೆಗೆ ಒಣಗಿಸುವ ಜಾಗ. ಇಷ್ಟಕ್ಕೂ ಇರುವುದು ಒಂದೇ ಕ್ರೇನ್. ಗಂಟೆಗೆ ನಾಲ್ಕು ಸುರುಳಿ ಹೊರಬರುತ್ತಿವೆ, ಆರು ಬೇಕಾಗಿದೆ. ನಾಲ್ಕನೆಯ ಆಮ್ಲದ ತೊಟ್ಟಿ ಕಟ್ಟಿಸಿದರೆ ಸಾಕೆ? ಇತ್ತೀಚೆಗೆ ಕೆಲವು ಸುರುಳಿಗಳ ಮೇಲ್ಮೈ ಒರಟಾಗಿ ಬರುತ್ತಿದೆ, ಆಮ್ಲದ ಖರ್ಚೂ ಹೆಚ್ಚಿದೆ.

ಉತ್ತರ: ಈಗಿರುವ ಸ್ಥಿತಿಯಲ್ಲಿ ನಾಲ್ಕನೆಯ ತೊಟ್ಟಿ ಕಟ್ಟಿಸಿದರೆ ಉತ್ಪಾದನೆ ಹೆಚ್ಚುವುದಿರಲಿ, ಇನ್ನಷ್ಟು ಕಡಿಮೆಯಾಗುವ ಸಂಭವವೇ ಹೆಚ್ಚು. ಕಾರಣವನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು.

ನೀವು ಹೇಳಿದ ಕ್ರಮದಲ್ಲಿ ಒಂದು ಸುರುಳಿಗೆ ಒಂಬತ್ತು ಸಾಗಣೆಗಳಿವೆ: ಏರಿಸುವ ಜಾಗದಿಂದ ಮೊದಲ ಆಮ್ಲಕ್ಕೆ ಒಂದು, ಆಮ್ಲಗಳ ನಡುವೆ ಎರಡು, ನಂತರದ ಹಂತಗಳಿಗೆ ಆರು. ಕೊಕ್ಕೆಗೆ ಸಿಕ್ಕಿಸಿ ಮೇಲೆತ್ತಲು 25 ಸೆಕೆಂಡ್, ದ್ರವ ಸೋರಲು 30, ಪಕ್ಕದ ತೊಟ್ಟಿಗೆ ಸರಿಯಲು 10, ಇಳಿಸಲು 20, ಖಾಲಿ ಕ್ರೇನ್ ಮುಂದಿನ ಸುರುಳಿಯ ಬಳಿಗೆ ಹೋಗಲು 15 ಎಂದು ಇಟ್ಟುಕೊಂಡರೆ ಒಂದು ಸಾಗಣೆಗೆ 100 ಸೆಕೆಂಡ್ ಆಗುತ್ತದೆ. ಒಂಬತ್ತು ಸಾಗಣೆಗೆ 900 ಸೆಕೆಂಡ್, ಅಂದರೆ ಹದಿನೈದು ನಿಮಿಷಕ್ಕೆ ಒಂದು ಸುರುಳಿ, ಗಂಟೆಗೆ ನಾಲ್ಕು. ನಿಮಗೆ ಈಗ ಸಿಗುತ್ತಿರುವುದೂ ಇಷ್ಟೇ. ಆದ್ದರಿಂದ ಉತ್ಪಾದನೆಯ ಮಿತಿಯನ್ನು ಹಾಕುತ್ತಿರುವುದು ಆಮ್ಲವಲ್ಲ, ಕ್ರೇನ್. ನಾಲ್ಕನೆಯ ತೊಟ್ಟಿ ಸೇರಿದರೆ ಸಾಗಣೆಗಳು ಹತ್ತಾಗುತ್ತವೆ, ಸಮಯ 1000 ಸೆಕೆಂಡ್ ಆಗುತ್ತದೆ, ಗಂಟೆಗೆ ನಾಲ್ಕರ ಬದಲು ಮೂರೂವರೆ ಚಿಲ್ಲರೆ ಸುರುಳಿ ಬರುತ್ತವೆ.

ಮೇಲ್ಮೈ ಒರಟಾಗುತ್ತಿರುವುದಕ್ಕೂ ಇದೇ ಕಾರಣ ಇರಬೇಕು. ಕ್ರೇನ್ ಹದಿನೈದು ನಿಮಿಷಕ್ಕೊಮ್ಮೆ ಮಾತ್ರ ಒಂದೇ ತೊಟ್ಟಿಯ ಬಳಿಗೆ ಮರಳುತ್ತದೆ. ಒಂದು ಸುರುಳಿ ಹೊರಟು ಮತ್ತೊಂದು ಬಂದು ಕೂರುವ ನಡುವೆ ತೊಟ್ಟಿ ಸುಮಾರು ಮೂರು ನಿಮಿಷ ಖಾಲಿ ಇರುತ್ತದೆ. ಉಳಿದ ಹನ್ನೆರಡು ನಿಮಿಷವೂ ಸುರುಳಿ ಆಮ್ಲದಲ್ಲಿಯೇ ಇರುತ್ತದೆ. ದಾಖಲೆ ಪುಸ್ತಕದಲ್ಲಿ ಮೂವತ್ತು ನಿಮಿಷ ಎಂದು ಬರೆದಿದ್ದರೂ ಮೂರು ತೊಟ್ಟಿ ಸೇರಿ ನಿಜವಾಗಿ ಮೂವತ್ತಾರು ನಿಮಿಷ ಆಗುತ್ತಿದೆ. ಸ್ಕೇಲ್ ಬಿಟ್ಟ ಮೇಲೆ ಆಮ್ಲಕ್ಕೆ ತಿನ್ನಲು ಉಳಿಯುವುದು ಉಕ್ಕು ಮಾತ್ರ. ಹೀಗೆ ಮೇಲ್ಮೈ ಒರಟಾಗುತ್ತದೆ, ಆಮ್ಲವೂ ವ್ಯರ್ಥವಾಗುತ್ತದೆ. ಒಂದು ಪಾಳಿಯಲ್ಲಿ ಗಡಿಯಾರ ಹಿಡಿದು, ಸುರುಳಿ ದ್ರವಕ್ಕೆ ತಗಲಿದ ಕ್ಷಣದಿಂದ ಹೊರಬಂದ ಕ್ಷಣದವರೆಗೆ ಅಳೆದು ನೋಡಿ.

ಪರಿಹಾರವಾಗಿ ಮೊದಲು ಎರಡನೆಯ ಕ್ರೇನ್ ಹಾಕಿಸಿ. ಮೊದಲ ಕ್ರೇನ್ ಏರಿಸುವ ಜಾಗದಿಂದ ಮೊದಲ ನೀರಿನ ತೊಟ್ಟಿಯವರೆಗಿನ ನಾಲ್ಕು ಸಾಗಣೆಗಳನ್ನು, ಎರಡನೆಯದು ಉಳಿದ ಐದನ್ನು ನೋಡಿಕೊಳ್ಳಲಿ. ಹಸ್ತಾಂತರ ನೀರಿನ ತೊಟ್ಟಿಯಲ್ಲೇ ಆಗಬೇಕು. ಒಂದೆರಡು ನಿಮಿಷ ಹೆಚ್ಚು ಕಾದರೂ ಸುರುಳಿಗೆ ತೊಂದರೆಯಾಗದ ಜಾಗ ಇಡೀ ಸಾಲಿನಲ್ಲಿ ಅದೊಂದೇ. ಇಷ್ಟಾದ ಮೇಲೆ ಮಿತಿ ಹಾಕುವುದು ನಿಜವಾಗಿಯೂ ಆಮ್ಲವೇ: ಹತ್ತು ನಿಮಿಷ ಅದ್ದುವುದು, ಮೂರು ನಿಮಿಷ ಬದಲಾವಣೆ, ಒಟ್ಟು ಹದಿಮೂರು. ಈ ಹಂತದಲ್ಲಿ ನಿಮ್ಮ ನಾಲ್ಕನೆಯ ತೊಟ್ಟಿಗೆ ಅರ್ಥ ಬರುತ್ತದೆ. ಮೂವತ್ತು ನಿಮಿಷ ನಾಲ್ಕು ತೊಟ್ಟಿಗಳಿಗೆ ಹಂಚಿದರೆ ತಲಾ ಏಳೂವರೆ ನಿಮಿಷ, ಬದಲಾವಣೆ ಸೇರಿ ಹತ್ತೂವರೆ. ಗಂಟೆಗೆ ಆರಕ್ಕೆ ತೀರ ಹತ್ತಿರ ಬರುತ್ತೀರಿ.

ಸಾಗಣೆಯ ಸಮಯವನ್ನೇ ಕಡಿಮೆ ಮಾಡಬಾರದೆ ಎಂದು ನೀವು ಕೇಳಬಹುದು. ಗಾಳಿಯಲ್ಲಿ ಚಲಿಸುವ ವೇಗವನ್ನು ಧಾರಾಳವಾಗಿ ಹೆಚ್ಚಿಸಿ. ದ್ರವದಿಂದ ಹೊರಬರುವ ವೇಗವನ್ನು ಮಾತ್ರ ಮುಟ್ಟಬೇಡಿ. ಎರಡು ಟನ್ ಉಕ್ಕು ಸುಮಾರು 255 ಲೀಟರ್ ದ್ರವವನ್ನು ಪಕ್ಕಕ್ಕೆ ಸರಿಸುತ್ತದೆ. ಆಮ್ಲದ ಸಾಂದ್ರತೆ ನೀರಿನ 1.15 ಪಟ್ಟು ಎಂದುಕೊಂಡರೆ, ಮುಳುಗಿರುವಾಗ ಸುರುಳಿ ಕ್ರೇನಿಗೆ ಸುಮಾರು 290 ಕಿಲೋಗ್ರಾಂ ಹಗುರವಾಗಿರುತ್ತದೆ. ಹೊರಬರುವಾಗ ಅಷ್ಟೂ ತೂಕ ಮರಳುತ್ತದೆ, ಜೊತೆಗೆ ಸುತ್ತುಗಳ ನಡುವೆ ಸಿಕ್ಕಿಬಿದ್ದ ಆಮ್ಲದ ಭಾರವೂ ಸೇರುತ್ತದೆ. ಇದು ಒಂದೆರಡು ಸೆಕೆಂಡಿನಲ್ಲಿ ನಡೆದರೆ ಓವರ್‌ಲೋಡ್ ರಿಲೇ ಬೀಳುತ್ತದೆ, ಇಲ್ಲವೇ ಸುರುಳಿ ಜಗ್ಗುತ್ತದೆ. ನಿಧಾನವಾಗಿ ಎತ್ತಿದಾಗ ದ್ರವದ ಬಹುಪಾಲು ತೊಟ್ಟಿಗೇ ಹಿಂದಿರುಗುವುದರಿಂದ ಸೋರಲು ಕಾಯುವ ಸಮಯವೂ ತಗ್ಗುತ್ತದೆ. ಆಮ್ಲದ ಮೇಲೆ ಧಾರೆ ನಿಂತು ಹನಿಗಳಾಗುವವರೆಗೆ ಕಾದರೆ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ನೇತಾಡಿಸಿದರೆ ಆಮ್ಲ ತಂತಿಯ ಮೇಲೆಯೇ ಒಣಗಿ ಕಲೆ ಬೀಳುತ್ತದೆ, ಶೆಡ್ಡಿನಲ್ಲಿ ಹೊಗೆಯೂ ಹೆಚ್ಚುತ್ತದೆ.

ಸಾಗಣೆಗಳ ಅನುಕ್ರಮವನ್ನು ಅಂದಾಜಿನಿಂದ ಜೋಡಿಸಬೇಡಿ. ಪ್ರತಿ ತೊಟ್ಟಿಗೂ ಕನಿಷ್ಠ ಸಮಯ, ಗರಿಷ್ಠ ಸಮಯ ಎರಡೂ ಇರುವಾಗ, ಎತ್ತಿದ ಸುರುಳಿಯನ್ನು ನಡುದಾರಿಯಲ್ಲಿ ಇಳಿಸಲು ಜಾಗವಿಲ್ಲದಿರುವಾಗ ಇದು ಸಾಕಷ್ಟು ಜಟಿಲವಾದ ಗಣಿತ. ಲೋಹಲೇಪನದ ಸಾಲುಗಳಿಗಾಗಿ ಫಿಲಿಪ್ಸ್ ಮತ್ತು ಉಂಗರ್ ಎಂಬುವರು 1976ರಲ್ಲಿಯೇ ಇದಕ್ಕೆ ಗಣಿತದ ಪರಿಹಾರವೊಂದನ್ನು ಪ್ರಕಟಿಸಿದ್ದರು. ಇಂದು ಪಿಎಲ್‌ಸಿ (ಕ್ರೇನನ್ನು ನಡೆಸುವ ನಿಯಂತ್ರಣ ಕಂಪ್ಯೂಟರ್) ಪೂರೈಸುವವರು ಈ ಲೆಕ್ಕವನ್ನು ಮಾಡಿಕೊಡಬಲ್ಲರು. ಆದರೆ ಗರಿಷ್ಠ ಸಮಯವನ್ನು ನೀವೇ ಬರೆದು ಕೊಡಬೇಕು. ಅನೇಕ ಕಾರ್ಖಾನೆಗಳು ಕನಿಷ್ಠ ಸಮಯವನ್ನಷ್ಟೇ ಕೊಟ್ಟು ಸುಮ್ಮನಾಗುತ್ತವೆ.

ಪ್ರಶ್ನೆ: ಆಮ್ಲದಿಂದ ಹೊರಬಂದ ಸುರುಳಿಯಲ್ಲಿ ಸಿ-ಹುಕ್ (ಸಿ ಆಕಾರದ ಕೊಕ್ಕೆ) ತಾಗುವ ಜಾಗದಲ್ಲಿ ಮಾತ್ರ ಕಪ್ಪು ಪಟ್ಟಿ ಉಳಿಯುತ್ತದೆ. ಆಮ್ಲವನ್ನು ಗಾಢ ಮಾಡಿದರೂ ಹೋಗಲಿಲ್ಲ. ಏನು ಮಾಡಬೇಕು?

ಉತ್ತರ: ಗಾಢ ಮಾಡಿದರೆ ಹೋಗದು, ಏಕೆಂದರೆ ಆಮ್ಲ ಅಲ್ಲಿಗೆ ತಲುಪುತ್ತಲೇ ಇಲ್ಲ. ಸುರುಳಿಯ ಇಡೀ ಭಾರ ಕೊಕ್ಕೆಯ ಮೇಲೆ ಕೂರುವುದರಿಂದ ಮೇಲ್ಭಾಗದ ಸುತ್ತುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಕೆಳಭಾಗದ ಸುತ್ತುಗಳು ಸಡಿಲವಾಗಿ ಇಳಿಬಿದ್ದಿರುತ್ತವೆ. ಒತ್ತಿಕೊಂಡ ಕಡೆ ಹಳೆಯ ಆಮ್ಲ ಹೊರಹೋಗದು, ಹೊಸದು ಒಳಬಾರದು.

ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಅದ್ದುವ ಅವಧಿಯ ನಡುವೆ ಒಮ್ಮೆ ಸುರುಳಿಯನ್ನು ದ್ರವದೊಳಗೇ ಸ್ವಲ್ಪ ಎತ್ತಿ ಇಳಿಸುವುದು. ಒಂದು ಕ್ರೇನಿನ ಸಾಲಿನಲ್ಲಿ ಅದಕ್ಕೂ ಬಿಡುವಿರುವುದಿಲ್ಲ ಎಂಬುದು ಬೇರೆ ಮಾತು. ಕೊಕ್ಕೆ ತೊಟ್ಟಿಯ ಅಂಚಿನ ಆಸನದ ಮೇಲೆ ಕೂರುವ ವ್ಯವಸ್ಥೆ ಇದ್ದರೆ, ಆ ಆಸನವನ್ನೇ ಅಲುಗಾಡಿಸುವ ಕಂಪಕ ಮೋಟರ್ ಅಳವಡಿಸಬಹುದು. ಅಲುಗಾಟಕ್ಕೆ ಸುತ್ತುಗಳು ತುಸು ಬಿಡಿಸಿಕೊಳ್ಳುತ್ತವೆ, ದ್ರವವೂ ಕದಲುತ್ತದೆ, ಒಟ್ಟು ಸಮಯವೂ ತಗ್ಗುತ್ತದೆ. ಜೊತೆಗೆ, ಸುರುಳಿಗೆ ಬಿಗಿದ ಪಟ್ಟಿಗಳನ್ನು ಒಮ್ಮೆ ಗಮನಿಸಿ. ಸಾಗಾಟಕ್ಕೆಂದು ಬಿಗಿದದ್ದನ್ನು ಹಾಗೆಯೇ ಆಮ್ಲಕ್ಕೆ ಇಳಿಸಿದರೆ ಪಟ್ಟಿಯ ಕೆಳಗೂ ಇಂಥದೇ ಕಪ್ಪು ಗೆರೆಗಳು ಉಳಿಯುತ್ತವೆ.

ಪ್ರಶ್ನೆ: ಹಳೆಯ ಸರಪಳಿಗಳು ಸವೆದಿದ್ದವು. ಅವುಗಳ ಬದಲು ಹೆಚ್ಚು ಬಲವಾದ ಗ್ರೇಡ್ 80 ಸರಪಳಿ ತರಿಸಿದ್ದೇವೆ. ಆಮ್ಲದಲ್ಲಿ ಮುಳುಗಿಸಿದರೆ ಬಾಳಿಕೆ ಎಷ್ಟು?

ಉತ್ತರ: ದಯವಿಟ್ಟು ಆ ಸರಪಳಿಯನ್ನು ಇಂದೇ ಸಾಲಿನಿಂದ ತೆಗೆಯಿರಿ. ಆಮ್ಲದಲ್ಲಿ ಮುಳುಗಿಸುವುದಕ್ಕಷ್ಟೇ ಅಲ್ಲ, ಆಮ್ಲದ ಹೊಗೆಯಲ್ಲಿ ಬಳಸುವುದಕ್ಕೂ ಗ್ರೇಡ್ 80 ಸರಪಳಿ ಸಲ್ಲದೆಂದು ತಯಾರಕರ ಸೂಚನೆಗಳಲ್ಲಿಯೇ ಇರುತ್ತದೆ.

ಉಕ್ಕು ಆಮ್ಲದಲ್ಲಿ ಕರಗುವಾಗ ಹೈಡ್ರೋಜನ್ ಹುಟ್ಟುತ್ತದೆ. ಅದರಲ್ಲಿ ಹೆಚ್ಚಿನದು ಗುಳ್ಳೆಯಾಗಿ ಮೇಲೇರುತ್ತದೆ. ಸ್ವಲ್ಪ ಭಾಗ ಪರಮಾಣು ರೂಪದಲ್ಲಿ ಲೋಹದೊಳಗೆ ಇಳಿಯುತ್ತದೆ. ಮೆದು ಉಕ್ಕು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಗ್ರೇಡ್ 80 ಮಿಶ್ರಲೋಹದ, ಕಾಯಿಸಿ ತಣಿಸಿ ಹದಗೊಳಿಸಿದ ಉಕ್ಕು. ಬಲ ಹೆಚ್ಚಿದಷ್ಟೂ ಹೈಡ್ರೋಜನ್‌ನಿಂದ ಪೆಡಸಾಗಿ ಮುರಿಯುವ ಸ್ವಭಾವವೂ ಹೆಚ್ಚು. ಇಂಥ ಸರಪಳಿ ಮುರಿಯುವ ಮೊದಲು ಹಿಗ್ಗುವುದಿಲ್ಲ, ಸವೆತ ತೋರುವುದಿಲ್ಲ. ಆಮ್ಲದಿಂದ ಹೊರತೆಗೆದು ಗಂಟೆಗಳ ನಂತರವೂ, ಅಳತೆಯೆಲ್ಲ ಸರಿಯಾಗಿರುವಾಗಲೇ, ಒಂದು ಕೊಂಡಿ ಥಟ್ಟನೆ ಎರಡಾಗಬಹುದು. ಹಳೆಯ ಸರಪಳಿಯ ಸವೆತ ಕಣ್ಣಿಗೆ ಕಾಣುತ್ತಿತ್ತು. ಒಂದರ್ಥದಲ್ಲಿ ಅದು ನಿಮಗೆ ಮುನ್ಸೂಚನೆ ಕೊಡುತ್ತಿತ್ತು. ಸರಪಳಿಯೇ ಬೇಕೆಂದಿದ್ದರೆ ಕಡಿಮೆ ಗ್ರೇಡಿನ ದಪ್ಪ ಸರಪಳಿಯನ್ನು, ಆಮ್ಲದ ಬಳಕೆಗೆ ಎಷ್ಟು ಭಾರ ತಗ್ಗಿಸಬೇಕೆಂದು ತಯಾರಕರಿಂದ ಬರಹದಲ್ಲಿ ಪಡೆದು ಬಳಸಿ.

ಸರಪಳಿಯ ಬದಲು ಭಾರ ಎತ್ತುವ ಬಟ್ಟೆಯ ಪಟ್ಟಿಗಳ ಕಡೆಗೆ ಹೊರಳುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಪಾಲಿಯೆಸ್ಟರ್ ಬಹುತೇಕ ಖನಿಜಾಮ್ಲಗಳನ್ನು ತಡೆಯುತ್ತದೆ, ಆದರೆ ಕ್ಷಾರ ಅದನ್ನು ಹಾಳುಮಾಡುತ್ತದೆ. ನೈಲಾನ್ ಇದಕ್ಕೆ ತದ್ವಿರುದ್ಧ. ಆಮ್ಲದಲ್ಲಿ ಚೆನ್ನಾಗಿ ಬಾಳಿದ ಪಾಲಿಯೆಸ್ಟರ್ ಪಟ್ಟಿಯೇ ಸಾಲಿನ ಕೊನೆಯ ಸುಣ್ಣದ ತೊಟ್ಟಿಯಲ್ಲೂ ಮುಳುಗುತ್ತಿದ್ದರೆ ಅದು ನಿಧಾನವಾಗಿ ಕೊಳೆಯುತ್ತಿರುತ್ತದೆ. ಪಾಲಿಪ್ರೊಪಿಲಿನ್ ಎರಡನ್ನೂ ತಾಳುತ್ತದೆ, ಆದರೆ ಅದರ ಬಳಕೆಯ ಮಿತಿ 80 ಡಿಗ್ರಿ ಸೆಲ್ಸಿಯಸ್. ಬಿಸಿ ಫಾಸ್ಫೇಟ್ ತೊಟ್ಟಿಯ ಉಷ್ಣತೆ ಅದರ ಸಮೀಪಕ್ಕೇ ಬರಬಹುದು. ಒಂದು ಸಾಲಿಗೆಲ್ಲ ಒಂದೇ ಬಟ್ಟೆ ಒಪ್ಪುವುದು ಅಪರೂಪ. ನನ್ನ ಅಭಿಪ್ರಾಯದಲ್ಲಿ ಸರಪಳಿ, ಪಟ್ಟಿ ಯಾವುದೂ ದ್ರವಕ್ಕೆ ತಾಗದಂತೆ, ಉದ್ದ ಕಾಲಿನ ಸಿ-ಹುಕ್ ಮಾತ್ರ ಮುಳುಗುವಂತೆ ವಿನ್ಯಾಸ ಮಾಡುವುದೇ ಲೇಸು.

ಆ ಕೊಕ್ಕೆಗೆ ಸಾಮಾನ್ಯವಾಗಿ ಮೆದು ಉಕ್ಕಿನ ಮೇಲೆ ಗಟ್ಟಿ ರಬ್ಬರ್ ಅಥವಾ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಸ್ಟೇನ್‌ಲೆಸ್ ಉಕ್ಕಿದ್ದರೆ ಹೊದಿಕೆ ಬೇಡವೆಂದು ಕೆಲವರು ತಿಳಿದಿದ್ದಾರೆ. 304 ಆಗಲಿ 316 ಆಗಲಿ, ಹೈಡ್ರೋಕ್ಲೋರಿಕ್ ಆಮ್ಲದ ಮುಂದೆ ಎರಡೂ ನಿಲ್ಲುವುದಿಲ್ಲ. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಆಮ್ಲ ಒಳಹೊಕ್ಕು ಕಾಣದ ಕಡೆ ಕೊರೆಯುವುದರಿಂದ ಕಣ್ಣಿನ ತಪಾಸಣೆ ಸಾಲದು, ತೂತಿದ್ದಲ್ಲಿ ಕಿಡಿ ಹಾರಿಸಿ ತೋರಿಸುವ ಹೈ ವೋಲ್ಟೇಜ್ ಕಿಡಿ ಪರೀಕ್ಷೆಯನ್ನು ನಿಯತವಾಗಿ ಮಾಡಿಸಬೇಕು. ಹೊದಿಕೆ ಬದಲಿಸಲು ಬಿಚ್ಚಿದಾಗಲೆಲ್ಲ ಸಿ ಆಕಾರದ ಒಳಮೂಲೆಯನ್ನು ಮ್ಯಾಗ್ನೆಟಿಕ್ ಪಾರ್ಟಿಕಲ್ (ಕಾಂತೀಯ ಪುಡಿ) ವಿಧಾನದಿಂದ ಬಿರುಕಿಗಾಗಿ ಪರೀಕ್ಷಿಸಿ. ಅತಿ ಹೆಚ್ಚು ಎಳೆತ ಬೀಳುವುದು ಅಲ್ಲಿಯೇ. ತೊಟ್ಟಿಯ ಮೇಲಿನ ಭಾಗಗಳಲ್ಲಿ ಹಿತ್ತಾಳೆ ಅಥವಾ ಕಂಚಿನ ಬುಷ್‌ಗಳಿದ್ದರೆ ಅವನ್ನೂ ಬದಲಿಸಿ. ಅವುಗಳಿಂದ ಆಮ್ಲಕ್ಕೆ ಸೇರಿದ ತಾಮ್ರ ತಂತಿಯ ಮೇಲೆ ಕೆಂಪು ಕಲೆಯಾಗಿ ಕೂರುತ್ತದೆ.

ಪ್ರಶ್ನೆ: ಕ್ರೇನ್ ನಿಂತ ಮೇಲೆ ಸುರುಳಿ ತೂಗಾಡುವುದು ನಿಲ್ಲಲು ಬಹಳ ಹೊತ್ತು ಬೇಕು. ವೇಗ ತಗ್ಗಿಸುವುದೊಂದೇ ದಾರಿಯೆ?

ಉತ್ತರ: ವೇಗವನ್ನಲ್ಲ, ವೇಗ ಏರುವ ಮತ್ತು ಇಳಿಯುವ ಅವಧಿಯನ್ನು ಸರಿಪಡಿಸಿ. ತೂಗುವ ಭಾರಕ್ಕೆ ಲೋಲಕದ ನಿಯಮವೇ ಅನ್ವಯಿಸುತ್ತದೆ. ಮೇಲಿನ ತೂಗುಬಿಂದುವಿನಿಂದ ಭಾರದ ಕೇಂದ್ರಕ್ಕೆ ನಾಲ್ಕು ಮೀಟರ್ ಇದ್ದರೆ ಒಂದು ತೂಗಾಟಕ್ಕೆ ನಾಲ್ಕು ಸೆಕೆಂಡ್ ಹಿಡಿಯುತ್ತದೆ. ವೇಗವನ್ನು ಸರಿಯಾಗಿ ನಾಲ್ಕೇ ಸೆಕೆಂಡಿನಲ್ಲಿ ಒಂದೇ ಸಮನೆ ಏರಿಸಿದರೆ ಭಾರ ಒಮ್ಮೆ ಹಿಂದೆ ಹೋಗಿ, ಏರಿಕೆ ಮುಗಿಯುವ ಹೊತ್ತಿಗೆ ನೇರವಾಗಿ ಬಂದು ನಿಲ್ಲುತ್ತದೆ, ಇಳಿಸುವಾಗಲೂ ಹಾಗೆಯೇ. ಸೆಕೆಂಡಿಗೆ 0.6 ಮೀಟರ್ ವೇಗಕ್ಕೆ ಏರಲು 1.2 ಮೀಟರ್, ಇಳಿಯಲು ಅಷ್ಟೇ ದೂರ ಬೇಕಾಗುವುದರಿಂದ ಎರಡೂವರೆ ಮೀಟರ್ ಅಂತರದ ತೊಟ್ಟಿಗಳಿಗೂ ಇದು ಹೊಂದುತ್ತದೆ. ಇನ್ವರ್ಟರ್ (ಮೋಟರಿನ ವೇಗ ನಿಯಂತ್ರಿಸುವ ಸಾಧನ) ಇರುವ ಕ್ರೇನಿನಲ್ಲಿ ಇದು ಕೇವಲ ಒಂದು ಸೆಟ್ಟಿಂಗ್ ಬದಲಾವಣೆ. ಯಾವಾಗಲೂ ಒಂದೇ ಎತ್ತರದಲ್ಲಿ ಸಾಗಬೇಕೆಂಬ ಷರತ್ತು ಮಾತ್ರ ಇದೆ, ಏಕೆಂದರೆ ಉದ್ದ ಬದಲಾದರೆ ಅವಧಿಯೂ ಬದಲಾಗುತ್ತದೆ.

ಪ್ರಶ್ನೆ: ವಿದ್ಯುತ್ ಹೋದಾಗ ಸುರುಳಿಗಳು ಆಮ್ಲದಲ್ಲೇ ಉಳಿದುಬಿಡುತ್ತವೆ. ಬ್ರೇಕ್ ಕೈಯಿಂದ ಬಿಡಿಸುವ ಸೌಲಭ್ಯ ಕ್ರೇನಿನಲ್ಲಿದೆ. ಅದು ಸಾಲದೆ?

ಉತ್ತರ: ಬ್ರೇಕ್ ಬಿಡಿಸಿದರೆ ಭಾರ ಕೆಳಗಿಳಿಯುತ್ತದೆ, ನಿಮಗೆ ಬೇಕಾಗಿರುವುದು ಮೇಲೆತ್ತುವುದು. ಆ ಸೌಲಭ್ಯ ಗಾಳಿಯಲ್ಲಿ ನಿಂತ ಸುರುಳಿಯನ್ನು ಸುರಕ್ಷಿತವಾಗಿ ಇಳಿಸಲು ಮಾತ್ರ. ಅದೂ ಕೆಳಗೆ ಆಮ್ಲವಿದ್ದರೆ ಬಳಸುವಂತಿಲ್ಲ. ಆದ್ದರಿಂದ ಎತ್ತುವ ಮತ್ತು ಅಡ್ಡ ಚಲಿಸುವ ಮೋಟರ್‌ಗಳಿಗಾದರೂ ಜನರೇಟರ್ ಸಂಪರ್ಕ ಇರಬೇಕು. ಹೊಗೆ ಎಳೆಯುವ ಫ್ಯಾನ್ ಮತ್ತು ಆ ಹೊಗೆಯನ್ನು ತೊಳೆಯುವ ಸ್ಕ್ರಬ್ಬರ್‌ನ ಪಂಪ್ ಕೂಡ ಅದೇ ಸಾಲಿಗೆ ಸೇರಿರಲಿ, ಇಲ್ಲವಾದರೆ ಸುರುಳಿ ಎತ್ತಲು ಬಂದ ಕೆಲಸಗಾರರು ಹೊಗೆಯಲ್ಲಿ ನಿಲ್ಲಬೇಕಾಗುತ್ತದೆ. ಆಮ್ಲಕ್ಕೆ ಇನ್‌ಹಿಬಿಟರ್ ಬೆರೆಸಿದ್ದರೆ ಉಕ್ಕಿನ ಸವೆತ ನಿಧಾನವಾಗಿ ಸ್ವಲ್ಪ ಕಾಲಾವಕಾಶ ಸಿಗುತ್ತದೆ. ವಿದ್ಯುತ್ ಮರಳಿದಾಗ ಪಿಎಲ್‌ಸಿ ನಿಂತಲ್ಲಿಂದಲೇ ತಾನಾಗಿ ಮುಂದುವರಿಯದಂತೆ ನೋಡಿಕೊಳ್ಳಿ: ಯಾವ ತೊಟ್ಟಿಯಲ್ಲಿ ಯಾವ ಸುರುಳಿ ಎಷ್ಟು ಹೊತ್ತಿನಿಂದ ಇದೆ ಎಂಬುದನ್ನು ನಿರ್ವಾಹಕರು ಪರದೆಯ ಮೇಲೆ ದೃಢಪಡಿಸಿದ ನಂತರವೇ ಸಾಲು ಆರಂಭವಾಗಬೇಕು, ಮೊದಲ ಸಾಗಣೆ ಕೊನೆಯ ಆಮ್ಲದ ತೊಟ್ಟಿಯಿಂದ ನೀರಿಗೆ ಆಗಬೇಕು.