ದುಡಿಮೆಯ ಲೆಕ್ಕ ಮತ್ತು ಚಿಕಿತ್ಸೆಯ ಹಕ್ಕು

ಮಾನ್ಯರೇ,

ಬಡವರಿಗೆ ಸರ್ಕಾರದ ಖರ್ಚಿನಲ್ಲಿ ಆರೋಗ್ಯ ವಿಮೆ ಒದಗಿಸುವ ಅಮೆರಿಕದ ಮೆಡಿಕೇಡ್ ಯೋಜನೆಯ ಬಗ್ಗೆ ನಾವು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ ಲೇಖನ ಓದಿ ದಾವಣಗೆರೆಯಿಂದ ತಾವು ಬರೆದ ಪತ್ರ ತಲುಪಿದೆ. ಮೈಯಲ್ಲಿ ಕಸುವಿರುವವರು ತಿಂಗಳಿಗೆ 80 ಗಂಟೆ ದುಡಿದರೆ ಮಾತ್ರ ಸರ್ಕಾರದ ಖರ್ಚಿನಲ್ಲಿ ಚಿಕಿತ್ಸೆ ಎಂದು 2025ರ ಜುಲೈನಲ್ಲಿ ಅಲ್ಲಿ ಕಾಯ್ದೆಯಾದುದನ್ನು ಲೇಖಕರು ಟೀಕಿಸಿದ್ದು ತಮಗೆ ಸರಿಬಂದಿಲ್ಲ. ತೆರಿಗೆ ಕಟ್ಟುವವರು ಇಷ್ಟನ್ನಾದರೂ ನಿರೀಕ್ಷಿಸುವುದು ತಪ್ಪೇ ಎಂದು ಕೇಳಿದ್ದೀರಿ. ನಿರೀಕ್ಷೆ ತಪ್ಪಲ್ಲ. ಆದರೆ ಈ ಷರತ್ತನ್ನು ಅರ್ಕಾನ್ಸಾಸ್ ರಾಜ್ಯ ಒಮ್ಮೆ ಜಾರಿಗೆ ತಂದು ನೋಡಿದೆ.

1965ರಲ್ಲಿ ಆರಂಭವಾದ ಮೆಡಿಕೇಡ್‌ಗೆ ಅಲ್ಲಿನ ಕೇಂದ್ರ ಸರ್ಕಾರವೂ ರಾಜ್ಯಗಳೂ ಸೇರಿ ಹಣ ಭರಿಸುತ್ತವೆ. ಬಡತನರೇಖೆಯ ಶೇ 138ರವರೆಗೆ ಆದಾಯವಿರುವ ವಯಸ್ಕರಿಗೂ ಅದನ್ನು ವಿಸ್ತರಿಸಿದ್ದು 2010ರ ಕಾಯ್ದೆ. ವಿಸ್ತರಿಸುವುದೂ ಬಿಡುವುದೂ ರಾಜ್ಯಗಳಿಗೆ ಸೇರಿದ್ದೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಿಸ್ತರಿಸಿದ ಅರ್ಕಾನ್ಸಾಸ್, 2018ರ ಜೂನ್‌ನಿಂದ 30ರಿಂದ 49 ವರ್ಷದ ಫಲಾನುಭವಿಗಳಿಗೆ 80 ಗಂಟೆಗಳ ಷರತ್ತು ಹಾಕಿತು. ದುಡಿದರೆ ಸಾಲದು, ದುಡಿದದ್ದನ್ನು ಪ್ರತಿ ತಿಂಗಳೂ ವರದಿ ಮಾಡಬೇಕಿತ್ತು. ಮೊದಲ ತಿಂಗಳುಗಳಲ್ಲಿ ಅದಕ್ಕಿದ್ದ ದಾರಿ ಸರ್ಕಾರದ ಜಾಲತಾಣವೊಂದೇ. ಇಮೇಲ್ ವಿಳಾಸ ಬೇಕು, ಅಂಚೆಯಲ್ಲಿ ಬಂದ ಸಂಕೇತಸಂಖ್ಯೆ ಕಳೆಯದೆ ಇಟ್ಟುಕೊಂಡಿರಬೇಕು. ಆ ಜಾಲತಾಣವೋ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಮುಚ್ಚಿರುತ್ತಿತ್ತು. ಹಗಲೆಲ್ಲ ದುಡಿದು ಕತ್ತಲಾದ ಮೇಲೆ ಮನೆ ಸೇರುವ ಕೂಲಿಯವನನ್ನು ನೆನೆದುಕೊಳ್ಳಿ: ಷರತ್ತು ಪೂರೈಸಿದವನು ಅವನೇ, ಬಾಗಿಲು ಮುಚ್ಚಿದ್ದೂ ಅವನಿಗೇ. ಮೂರು ತಿಂಗಳು ಲೆಕ್ಕ ತಪ್ಪಿದರೆ ಆ ವರ್ಷ ಮುಗಿಯುವವರೆಗೆ ಯೋಜನೆಯಿಂದ ಹೊರಗೆ.

ಕೆಲವೇ ತಿಂಗಳಲ್ಲಿ 18 ಸಾವಿರಕ್ಕೂ ಹೆಚ್ಚು ಜನ ಹೀಗೆ ಹೊರಬಿದ್ದರು. ಅವರೆಲ್ಲ ಸೋಮಾರಿಗಳೆಂದು ತಾವು ಭಾವಿಸಬಹುದು. ಆದರೆ ಹಾರ್ವರ್ಡ್‌ನ ಸಂಶೋಧಕರು ವಿಚಾರಿಸಿದಾಗ, ಷರತ್ತು ಅನ್ವಯಿಸಿದ ವಯೋಮಾನದವರಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ಆಗಲೇ ಅದನ್ನು ಪೂರೈಸುತ್ತಿದ್ದರು, ಇಲ್ಲವೇ ವಿನಾಯಿತಿಗೆ ಅರ್ಹರಾಗಿದ್ದರು ಎಂಬುದು ತಿಳಿದುಬಂತು. ದುಡಿಯುವವರ ಸಂಖ್ಯೆ ಹೆಚ್ಚಲಿಲ್ಲ. ವಿಮೆಯಿಲ್ಲದವರ ಸಂಖ್ಯೆ ಹೆಚ್ಚಿತು. 2019ರ ಮಾರ್ಚ್‌ನಲ್ಲಿ ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಈ ಷರತ್ತನ್ನು ತಡೆದರು.

ನಮ್ಮಲ್ಲಿ ಪಡಿತರ ಚೀಟಿಯ ಇ-ಕೆವೈಸಿಗೆಂದು ನ್ಯಾಯಬೆಲೆ ಅಂಗಡಿಯ ಮುಂದೆ ಸರದಿ ನಿಂತು, ಗಾರೆ ಕೆಲಸದಲ್ಲಿ ಸವೆದ ಬೆರಳನ್ನು ಯಂತ್ರ ಗುರುತಿಸದೆ ಬರಿಗೈಲಿ ಮರಳುವವರನ್ನು ತಾವೂ ಕಂಡಿರಬಹುದು. ಅವರನ್ನು ಅನರ್ಹರೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅರ್ಕಾನ್ಸಾಸ್‌ನವರ ವಿಷಯದಲ್ಲೂ ಹಾಗೆಯೇ.

ಹೊಸ ಕಾಯ್ದೆಯಲ್ಲಿ ವಿನಾಯಿತಿಗಳಿವೆಯಲ್ಲ ಎಂದು ತಾವು ಬರೆದದ್ದು ನಿಜ. ಗರ್ಭಿಣಿಯರು, 13 ವರ್ಷದವರೆಗಿನ ಮಕ್ಕಳ ಪಾಲಕರು, ತೀವ್ರ ಕಾಯಿಲೆಯವರು ಅದರಲ್ಲಿ ಸೇರಿದ್ದಾರೆ. ಸಾಧ್ಯವಿದ್ದಲ್ಲಿ ಸರ್ಕಾರದ ಬಳಿಯ ದಾಖಲೆಗಳಿಂದಲೇ ಪರಿಶೀಲಿಸಬೇಕೆಂದೂ ಇದೆ. ಆದರೆ ಕೈಗೆ ನಗದು ಪಡೆದು ಮನೆಗೆಲಸ ಮಾಡುವವರ ಗಂಟೆಗಳು ಯಾವ ದಾಖಲೆಯಲ್ಲೂ ಕಾಣುವುದಿಲ್ಲ. 2027ರ ಜನವರಿಯೊಳಗೆ ರಾಜ್ಯಗಳು ಇದನ್ನು ಜಾರಿಗೊಳಿಸಬೇಕಿದೆ. ತನ್ನ ಕಾಯಿಲೆ ತೀವ್ರವಾದದ್ದೆಂದು ತೋರಿಸಲು ಬಡವನೊಬ್ಬನಿಗೆ ವೈದ್ಯರ ಚೀಟಿ ಬೇಕಾದರೆ, ವಿಮೆಯೇ ಇಲ್ಲದೆ ಅವನು ಯಾವ ವೈದ್ಯರ ಬಳಿ ಹೋಗಬೇಕು ಎಂಬುದೇ ಲೇಖಕರ ಪ್ರಶ್ನೆಯಾಗಿತ್ತು, ನನ್ನದೂ ಅದೇ.

— ಸಂಪಾದಕ