ಪಿಎಚ್.ಡಿ.ಯಲ್ಲಿ ಪ್ರಾಣಿಗಳ ಆಹಾರದ ಕೆಲಸವನ್ನು ಸಹಾಯಕರಿಗೆ ಬಿಟ್ಟು, ಜೀನ್‌ಗಳ ಭಾಗವನ್ನಷ್ಟೇ ನಾನು ಮಾಡಬಹುದೇ?

ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಹೆಚ್ಚು ಕೊಬ್ಬು ತಿನ್ನಿಸಿದ ಸುಂಡಿಲಿಗಳ ಚಯಾಪಚಯದ ಮೇಲೆ ಸಂಶೋಧನೆಗೆ ಹೊರಟಿರುವ ನೀವು ಕೇಳಿರುವ ಪ್ರಶ್ನೆಯನ್ನು ಹಿಂದೊಮ್ಮೆ ನಾನೂ ಕೇಳಿದ್ದೆ. ನನ್ನ ಗೈಡ್ ‘ಧಾರಾಳವಾಗಿ’ ಎಂದಿದ್ದರು. ತಿನ್ನಿಸುವುದು, ತೂಗುವುದು, ಪಂಜರ ಬದಲಿಸುವುದು ಅನಿಮಲ್ ಹೌಸ್‌ನವರ ಪಾಲಿಗೆ ಹೋಯಿತು. ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವ ಆರ್‌ಎನ್‌ಎಯನ್ನು ಕರುಳು ಮತ್ತು ಯಕೃತ್ತಿನಿಂದ ತೆಗೆಯುವುದು, ಅದರ ಮೇಲೆ ಗ್ರಾಫ್ ಬರೆಯುವುದು ನನ್ನ ಪಾಲಿಗೆ ಬಂತು.

ಪ್ರಯೋಗಾಲಯ ಬೆಂಗಳೂರಿನದು, ಹೆಸರು ಇಲ್ಲಿ ಬೇಡ. ಹೆಚ್ಚು ಕೊಬ್ಬಿನ ಆಹಾರದಿಂದ ಕರುಳಿನ ಒಳಪದರದಲ್ಲಿ ಏನು ಬದಲಾಗುತ್ತದೆ, ಆ ಬದಲಾವಣೆ ಯಕೃತ್ತಿನ ಉರಿಯೂತಕ್ಕೆ ಹೇಗೆ ದಾರಿಯಾಗುತ್ತದೆ ಎಂಬುದು ನನ್ನ ವಿಷಯವಾಗಿತ್ತು. ಕೊಬ್ಬಿನ ಆಹಾರದಲ್ಲಿ ಬೇಗ ದಪ್ಪಗಾಗುವ ಸಿ57ಬಿಎಲ್/6 ತಳಿಯ ಗಂಡು ಸುಂಡಿಲಿಗಳನ್ನು ಎರಡು ಗುಂಪು ಮಾಡಿದ್ದೆವು. ಒಂದಕ್ಕೆ ಹೊರದೇಶದಿಂದ ತರಿಸಿದ, ಶೇ. 60ರಷ್ಟು ಶಕ್ತಿ ಕೊಬ್ಬಿನಿಂದಲೇ ಬರುವ ಆಹಾರ. ಇನ್ನೊಂದಕ್ಕೆ, ಅಂದರೆ ಹೋಲಿಕೆಗೆಂದು ಇಟ್ಟ ಕಂಟ್ರೋಲ್ ಗುಂಪಿಗೆ, ಅನಿಮಲ್ ಹೌಸ್‌ನ ಎಲ್ಲ ಪ್ರಾಣಿಗಳಿಗೂ ಹಾಕುವ, ನಾವೆಲ್ಲ ‘ಚೌ’ ಎಂದು ಕರೆಯುವ ಮಾಮೂಲಿ ಪೆಲೆಟ್.

ಪ್ರಯೋಗದ ಕೊನೆಯಲ್ಲಿ ಹೊಟ್ಟೆ ತೆರೆದಾಗ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತಿತ್ತು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿರುವ ಸೀಕಮ್ ಎಂಬ ಚೀಲವು ಚೌ ತಿಂದ ಸುಂಡಿಲಿಯಲ್ಲಿ ಹಸಿರುಮಿಶ್ರಿತ ಕಂದು ಬಣ್ಣದ ತಿರುಳಿನಿಂದ ತುಂಬಿ, ಹೊಟ್ಟೆಯ ಕೆಳಭಾಗವನ್ನೆಲ್ಲ ಆವರಿಸಿಕೊಂಡಿತ್ತು. ಕೊಬ್ಬು ತಿಂದ ಸುಂಡಿಲಿಯಲ್ಲಿ ಅದು ಬಿಳಿಚಿ, ಕುಗ್ಗಿ, ಹುಡುಕಬೇಕಾದಷ್ಟು ಚಿಕ್ಕದಾಗಿತ್ತು. ದೊಡ್ಡ ಕರುಳನ್ನು ಸ್ಕೇಲಿನ ಪಕ್ಕದಲ್ಲಿ ಚಾಚಿದರೆ ಅದೂ ಗಿಡ್ಡವಾಗಿತ್ತು. ಒಳಪದರದ ಜೀನ್‌ಗಳೂ ಇದಕ್ಕೆ ತಕ್ಕಂತೆಯೇ ಏರಿಳಿದಿದ್ದವು. ಆ ಚಿತ್ರಗಳನ್ನು ಸೆಮಿನಾರಿನಲ್ಲಿ ‘ಕೊಬ್ಬಿನ ಪರಿಣಾಮ’ ಎಂಬ ತಲೆಬರಹದಡಿ ತೋರಿಸಿದೆ. ಕೂತಿದ್ದ ಹಿರಿಯರಲ್ಲಿ ಒಬ್ಬರೂ ಆಕ್ಷೇಪವೆತ್ತಲಿಲ್ಲ.

ಆಕ್ಷೇಪ ಬಂದದ್ದು ನಾವು ಪ್ರಬಂಧ ಕಳಿಸಿದ್ದ ಸಂಶೋಧನಾ ಪತ್ರಿಕೆಯೊಂದರ ವಿಮರ್ಶಕರಿಂದ, ಅದೂ ಒಂದೇ ಸಾಲಿನಲ್ಲಿ: ಕಂಟ್ರೋಲ್ ಆಹಾರದ ಸಂಯೋಜನೆಯನ್ನು ತಿಳಿಸಿ. ಆ ಸಾಲನ್ನು ಓದಿದ ಮೇಲೆ ನಾನು ಮೊದಲ ಬಾರಿಗೆ ಮೇವಿನ ಉಗ್ರಾಣಕ್ಕೆ ಹೋಗಿ ಚೀಲದ ಮೇಲಿನ ಚೀಟಿಯನ್ನು ಓದಿದೆ. ಪ್ರೋಟೀನ್ ಮತ್ತು ಕೊಬ್ಬು ಕನಿಷ್ಠ ಇಷ್ಟು, ನಾರು ಮತ್ತು ತೇವಾಂಶ ಗರಿಷ್ಠ ಇಷ್ಟು ಎಂದಿತ್ತು. ಕೆಳಗೆ ಗೋಧಿ, ಮೆಕ್ಕೆಜೋಳ, ಸೋಯಾ ಹಿಂಡಿ ಎಂಬ ಹೆಸರುಗಳಿದ್ದವು. ಯಾವುದು ಎಷ್ಟು ಎಂಬುದಿರಲಿಲ್ಲ.

ಈ ತಪ್ಪನ್ನು ಸ್ವಲ್ಪ ವಿಸ್ತಾರವಾಗಿಯೇ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಇಂದಿಗೂ ಪ್ರಕಟಿತ ಪ್ರಬಂಧಗಳಲ್ಲಿ ರಾಜಾರೋಷವಾಗಿ ಓಡಾಡಿಕೊಂಡಿದೆ. ಹೆಚ್ಚು ಕೊಬ್ಬಿನ ಆಹಾರವು ಶುದ್ಧೀಕರಿಸಿದ ಘಟಕಗಳಿಂದ ಮಾಡಿದ್ದು: ಪ್ರೋಟೀನಿಗೆ ಹಾಲಿನ ಕೇಸಿನ್, ಕೊಬ್ಬಿಗೆ ಹಂದಿಯ ಕೊಬ್ಬು ಮತ್ತು ಒಂದಿಷ್ಟು ಸೋಯಾ ಎಣ್ಣೆ, ನಾರಿಗೆ ಸೆಲ್ಯುಲೋಸ್ ಮಾತ್ರ. ಚೌ ಎಂಬುದು ಧಾನ್ಯ ಮತ್ತು ಹಿಂಡಿಗಳ ಮಿಶ್ರಣ. ಅದರಲ್ಲಿ ಪ್ರೋಟೀನಿನ ಮೂಲ ಬೇರೆ, ಪಿಷ್ಟ ಬೇರೆ, ಖನಿಜಗಳ ಪ್ರಮಾಣ ಬೇರೆ; ಸೋಯಾದಿಂದ ಬರುವ, ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸಬಲ್ಲ ಜೆನಿಸ್ಟೀನ್, ಡೈಡ್ಜೀನ್‌ಗಳು ಅದರಲ್ಲಿವೆ, ಕೇಸಿನ್ ಆಹಾರದಲ್ಲಿಲ್ಲ; ಸಾಲದೆಂಬಂತೆ ಅದರ ಸಂಯೋಜನೆ ಫಸಲಿನಿಂದ ಫಸಲಿಗೆ ಬದಲಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ನಾರು. ಚೀಟಿಯಲ್ಲಿ ಬರೆಯುವ ‘ಕಚ್ಚಾ ನಾರು’ ಹಳೆಯ ವಿಧಾನದ ಅಳತೆ. ನೀರಿನಲ್ಲಿ ಕರಗುವ ನಾರೂ ಕರಗದ ನಾರಿನ ಒಂದು ಭಾಗವೂ ಅದರ ಲೆಕ್ಕಕ್ಕೇ ಸಿಗುವುದಿಲ್ಲ, ಆದ್ದರಿಂದ ಅಲ್ಲಿ ಶೇ. 5 ಎಂದಿದ್ದರೂ ಚೌನಲ್ಲಿರುವ ಒಟ್ಟು ನಾರು ಶೇ. 15 ದಾಟುವುದು ಸಾಮಾನ್ಯ. ಈ ಕರಗುವ ನಾರನ್ನೇ ಸೀಕಮ್‌ನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಪುಟ್ಟ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ, ಮತ್ತು ದೊಡ್ಡ ಕರುಳಿನ ಒಳಪದರದ ಕೋಶಗಳು ತಮ್ಮ ಶಕ್ತಿಗಾಗಿ ಬಹುಮಟ್ಟಿಗೆ ಬ್ಯುಟಿರೇಟನ್ನೇ ನೆಚ್ಚಿಕೊಂಡಿವೆ. ಸೆಲ್ಯುಲೋಸ್ ಮಾತ್ರ ಹಾಗೆ ಹೆಚ್ಚು ಹುದುಗದೆ ಮುಂದೆ ಸಾಗಿಬಿಡುತ್ತದೆ. ಹೀಗಿರುವಾಗ ನಾನು ಮಾಡಿದ್ದು, ಮುದ್ದೆ ಮತ್ತು ಸೊಪ್ಪಿನ ಸಾರು ಉಣ್ಣುವವನನ್ನು ಬೇಕರಿ ಪಫ್ಸ್‌ನಲ್ಲೇ ಬದುಕುವವನ ಪಕ್ಕದಲ್ಲಿ ನಿಲ್ಲಿಸಿ, ಇಬ್ಬರ ನಡುವಿನ ವ್ಯತ್ಯಾಸಕ್ಕೆಲ್ಲ ಎಣ್ಣೆಯೊಂದನ್ನೇ ಹೊಣೆ ಮಾಡಿದ ಹಾಗಾಯಿತು.

ಸರಿಯಾದ ಕಂಟ್ರೋಲ್ ಇಲ್ಲದ್ದೇನಲ್ಲ. ನಾನು ಬಳಸಿದ, ಡಿ12492 ಎಂಬ ಶೇ. 60ರ ಕೊಬ್ಬಿನ ಸೂತ್ರಕ್ಕೆ ಜೋಡಿಯಾಗಿ ಡಿ12450ಜೆ ಎಂಬ ಶೇ. 10ರ ಕೊಬ್ಬಿನ ಸೂತ್ರವಿದೆ. ಒಂದೇ ಪ್ರಮಾಣದ ಶಕ್ತಿ ಕೊಡುವಷ್ಟು ಆಹಾರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎರಡರಲ್ಲೂ ಕೇಸಿನ್ 200 ಗ್ರಾಂ, ಸೆಲ್ಯುಲೋಸ್ 50 ಗ್ರಾಂ, ಸಕ್ಕರೆಯಿಂದ ಬರುವ ಶಕ್ತಿ ಸುಮಾರು ಶೇ. 7. ಮೊದಲನೆಯದರಲ್ಲಿ ಹಂದಿಯ ಕೊಬ್ಬು 245 ಗ್ರಾಂ ಇದ್ದರೆ ಎರಡನೆಯದರಲ್ಲಿ 20 ಗ್ರಾಂ. ಆ ಶಕ್ತಿಯ ಕೊರತೆಯನ್ನು ಮೆಕ್ಕೆಜೋಳದ ಪಿಷ್ಟ ತುಂಬುತ್ತದೆ. ಕೊಬ್ಬು ಇಳಿದರೆ ಮತ್ತೇನೋ ಏರಲೇಬೇಕು. ಅದು ಯಾವುದು, ಎಷ್ಟು ಎಂಬುದು ಗ್ರಾಮಿನ ಮಟ್ಟದಲ್ಲಿ ಗೊತ್ತಿದ್ದರೆ ಮಾತ್ರ ಅದಕ್ಕೆ ಕಂಟ್ರೋಲ್ ಎನ್ನಬಹುದು. ಈ ಆಹಾರದ ಗುಂಪೊಂದನ್ನು ಸೇರಿಸಿ ಪ್ರಯೋಗವನ್ನು ಮೊದಲಿನಿಂದ ಮಾಡಿದಾಗ, ಕೊಬ್ಬು ಕಡಿಮೆಯಿದ್ದ ಆ ಸುಂಡಿಲಿಗಳ ಸೀಕಮ್ ಕೂಡ ಬಿಳಿಚಿ ಕುಗ್ಗಿತ್ತು, ದೊಡ್ಡ ಕರುಳು ಗಿಡ್ಡವಾಗಿತ್ತು. ತೂಕ, ಇನ್ಸುಲಿನ್, ಯಕೃತ್ತಿನಲ್ಲಿ ಸೇರಿದ ಕೊಬ್ಬು, ಇವುಗಳ ವ್ಯತ್ಯಾಸ ಹಾಗೆಯೇ ಉಳಿಯಿತು. ಕರುಳಿನ ಕಥೆಯ ಬಹುಭಾಗ ಬಿದ್ದುಹೋಯಿತು: ಅದು ಕೊಬ್ಬು ಹೆಚ್ಚಾದದ್ದರ ಫಲವಲ್ಲ, ಕರಗುವ ನಾರು ಇಲ್ಲದ್ದರ ಫಲ. ಇದನ್ನು ಬೇರೆಯವರು 2015ರ ಹೊತ್ತಿಗೇ ಸುಂಡಿಲಿಗಳಲ್ಲಿ ತೋರಿಸಿ ಪ್ರಕಟಿಸಿದ್ದರು. ನಾನು ಜೀನ್‌ಗಳ ಪ್ರಬಂಧಗಳನ್ನು ಮಾತ್ರ ಓದುತ್ತಿದ್ದುದರಿಂದ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಇದರ ಬೆಲೆಯನ್ನೂ ಹೇಳಿಬಿಡುತ್ತೇನೆ. ಪ್ರಾಣಿ ನೈತಿಕ ಸಮಿತಿಯ ಮುಂದೆ ನಿಂತು, ಇನ್ನಷ್ಟು ಪ್ರಾಣಿಗಳು ಏಕೆ ಬೇಕೆಂದರೆ ಹಿಂದಿನವು ವ್ಯರ್ಥವಾದವು ಎಂದು ಬಾಯಿಬಿಟ್ಟು ಹೇಳಬೇಕಾಯಿತು. ಎರಡು ಅಧ್ಯಾಯಗಳಾಗಬೇಕಿದ್ದ ಕೆಲಸ ಅರ್ಧ ಅಧ್ಯಾಯಕ್ಕಿಳಿಯಿತು. ಐದು ವರ್ಷಗಳ ಫೆಲೋಶಿಪ್ ಮುಗಿದ ಮೇಲೂ ಪ್ರಬಂಧ ಮುಗಿಯಲಿಲ್ಲ. ಅದನ್ನು ಟ್ಯೂಷನ್ ಹೇಳಿಕೊಂಡು ಬರೆದು ಮುಗಿಸಿದೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಆಹಾರದ ಭಾಗ, ಜೀನ್‌ಗಳ ಭಾಗ ಎಂಬ ವಿಂಗಡಣೆ ಅನುದಾನದ ಅರ್ಜಿಯಲ್ಲಿ ಇರಬಹುದು, ಸುಂಡಿಲಿಯೊಳಗೆ ಇಲ್ಲ. ನಿಮಗೆ ಹೊರಗಿನವರಿಂದ ಮಾಡಿಸಲೇಬೇಕೆಂಬ ಕೆಲಸವಿದ್ದರೆ ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡಿಸಿ. ಹಣ ಕೊಟ್ಟರೆ ಅದನ್ನು ನಿಮಗಿಂತ ಅಚ್ಚುಕಟ್ಟಾಗಿ ಮಾಡಿಕೊಡುವವರು ಊರಿನಲ್ಲೇ ಇದ್ದಾರೆ. ಯಾವ ಪಂಜರಕ್ಕೆ ಏನು ಹೋಯಿತು, ಅದರಲ್ಲಿ ಎಷ್ಟು ಹೊಟ್ಟೆ ಸೇರಿತು ಎಂಬುದನ್ನು ಯಾವ ಕಂಪನಿಯೂ ನಿಮಗೆ ತಿಳಿಸಲಾರದು.

ಈ ಪೋಷಣಾಶಾಸ್ತ್ರದ ಮೂಲದಲ್ಲಿಯೇ ಇಂಥದ್ದೊಂದು ಪ್ರಸಂಗವಿದೆ. 1889ರಲ್ಲಿ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ, ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಕೈಕಾಲುಗಳ ಬಲ ಕುಂದಿಸುವ ಬೆರಿಬೆರಿ ರೋಗದ ಕ್ರಿಮಿಯನ್ನು ಹುಡುಕುತ್ತಿದ್ದಾಗ ಅವರ ಕೋಳಿಗಳು ಕಾಲಿನ ಬಲ ಕಳೆದುಕೊಂಡವು, ಕೆಲವು ತಿಂಗಳ ನಂತರ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದಾಗ ತಿಳಿದದ್ದಿಷ್ಟು: ಕೋಳಿ ನೋಡಿಕೊಳ್ಳುವವನು ಖರ್ಚು ಉಳಿಸಲೆಂದು ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಿಂದ ಪಾಲಿಶ್ ಮಾಡಿದ ಅಕ್ಕಿಯ ಅನ್ನ ತಂದು ಹಾಕುತ್ತಿದ್ದ, ಹೊಸದಾಗಿ ಬಂದ ಅಡುಗೆಯವನು ಸೈನ್ಯದ ಅನ್ನವನ್ನು ಸಿವಿಲಿಯನ್ ಕೋಳಿಗಳಿಗೆ ಕೊಡಲಾಗದೆಂದು ನಿಲ್ಲಿಸಿಬಿಟ್ಟ. ಪಾಲಿಶ್ ಮಾಡುವಾಗ ಕಳೆದುಹೋಗುವ ತೌಡಿನ ಜಾಡು ಹಿಡಿದು ಹೋದವರಿಗೆ ಮುಂದೆ ಬಿ1 ಜೀವಸತ್ವ ಸಿಕ್ಕಿತು, ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಬಂತು. ಮೇವಿನ ವಿಚಾರ ಸಹಾಯಕನಿಗೆ ಸೇರಿದ್ದು ಎಂದು ಅವರು ಸುಮ್ಮನಿದ್ದಿದ್ದರೆ ಕ್ರಿಮಿಯನ್ನು ಹುಡುಕುತ್ತಲೇ ಇರುತ್ತಿದ್ದರು.

ಸಹಾಯಕರ ಬಗ್ಗೆ ಒಂದು ಮಾತು: ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ನಮ್ಮಲ್ಲಿದ್ದ ಹಿರಿಯರೊಬ್ಬರು, ನಾವೆಲ್ಲ ಅಣ್ಣ ಎಂದೇ ಕರೆಯುತ್ತಿದ್ದವರು, ‘ಮೇಡಂ, ಈ ಜಿಡ್ಡಿನ ಮೇವನ್ನು ಇವು ತಿನ್ನೋದಕ್ಕಿಂತ ಪುಡಿ ಮಾಡಿ ಕೆಡವೋದೇ ಜಾಸ್ತಿ’ ಎಂದು ಮೊದಲೇ ಎಚ್ಚರಿಸಿದ್ದರು. ಹೆಚ್ಚು ಕೊಬ್ಬಿನ ಗುಳಿಗೆ ಮೆತ್ತಗಿರುವುದರಿಂದ ತುರಿಯಂತೆ ಉದುರಿ ಕೆಳಗಿನ ಹಾಸಿನಲ್ಲಿ ಬೆರೆತುಹೋಗುತ್ತದೆ. ಅದನ್ನು ಆರಿಸಿ ತೂಗದಿದ್ದರೆ ಚೆಲ್ಲಿದ್ದೆಲ್ಲ ತಿಂದದ್ದರ ಲೆಕ್ಕಕ್ಕೆ ಸೇರುತ್ತದೆ. ದಿನಕ್ಕೆ ಮೂರರಿಂದ ಐದು ಗ್ರಾಂ ತಿನ್ನುವ ಪ್ರಾಣಿಯಲ್ಲಿ ಅರ್ಧ ಗ್ರಾಂ ಚೆಲ್ಲುವುದು ಕಡೆಗಣಿಸುವಂಥದ್ದಲ್ಲ. ನೀವು ಸೇರಿದ ಮೇಲೆ ಆರಂಭದ ಕೆಲವು ವಾರ ಇಂಥವರ ಜೊತೆ ಓಡಾಡಿ. ಸುಂಡಿಲಿ ತಿನ್ನುವುದು ಹೆಚ್ಚಾಗಿ ಕತ್ತಲಲ್ಲಿ. ರಾತ್ರಿಯಿಡೀ ಉಪವಾಸ ಕೆಡವಿದರೆ ಅದರ ಯಕೃತ್ತಿನಲ್ಲಿ ಕೂಡಿಟ್ಟ ಗ್ಲೂಕೋಸ್, ಅಂದರೆ ಗ್ಲೈಕೋಜನ್, ಹೆಚ್ಚುಕಡಿಮೆ ಬರಿದಾಗುತ್ತದೆ, ಆದ್ದರಿಂದ ಗ್ಲೂಕೋಸ್ ಪರೀಕ್ಷೆಗೆ ಬೆಳಗಿನ ಹೊತ್ತಿನಲ್ಲಿ ನಾಲ್ಕರಿಂದ ಆರು ಗಂಟೆ ಕಾಲದ ಉಪವಾಸವೇ ಲೇಸು. ಸುಂಡಿಲಿಗೆ ಹಾಯೆನಿಸುವ ಉಷ್ಣಾಂಶ 30 ಡಿಗ್ರಿಯ ಆಸುಪಾಸು. ನಮ್ಮ ಏಸಿಯ 22 ಡಿಗ್ರಿಯಲ್ಲಿ ಅದು ತಿಂದದ್ದರ ದೊಡ್ಡ ಪಾಲನ್ನು ಮೈ ಬೆಚ್ಚಗಿಡುವುದಕ್ಕೇ ಉರಿಸುತ್ತಿರುತ್ತದೆ. ಇವೆಲ್ಲ ಪಂಜರದ ಪಕ್ಕದಲ್ಲಿ ನಿಂತು ಕಲಿಯುವ ವಿದ್ಯೆ.

ನೀವು ಸೇರಬೇಕೆಂದಿರುವ ಪ್ರಯೋಗಾಲಯ ಒಳ್ಳೆಯದೋ ಬೇರೆ ನೋಡಬೇಕೋ ಎಂದೂ ಕೊನೆಯಲ್ಲಿ ಕೇಳಿದ್ದೀರಿ. ಅದನ್ನು ತೂಗಿ ನೋಡುವಷ್ಟು ಮಾಹಿತಿ ನಿಮ್ಮ ಪ್ರಶ್ನೆಯಲ್ಲಿಲ್ಲ. ಒಪ್ಪಿಗೆ ಕೊಡುವ ಮುನ್ನ ಗೈಡ್ ಅವರನ್ನು ಕಂಟ್ರೋಲ್ ಆಹಾರ ಯಾವುದು ಎಂದು ನೇರವಾಗಿ ಕೇಳಿ. ‘ನಾರ್ಮಲ್ ಡಯಟ್’ ಎಂಬ ಉತ್ತರ ಬಂದರೆ, ಜೋಡಿ ಆಹಾರಕ್ಕೆ ಬಜೆಟ್ಟಿನಲ್ಲಿ ಹಣವಿದೆಯೇ, ಅದನ್ನು ತಣ್ಣಗಿಡಲು ಫ್ರೀಜರಿನಲ್ಲಿ ಜಾಗವಿದೆಯೇ ಎಂದು ವಿಚಾರಿಸಿ. ಹೊರಗಿನಿಂದ ಬರುವ ಆಹಾರ ಕೈಸೇರಲು ತಿಂಗಳುಗಳೇ ಹಿಡಿಯಬಹುದು. ಸುಂಡಿಲಿಗಳಿಗೆ ಆರ್ಡರ್ ಕೊಡುವುದು ಅದು ಉಗ್ರಾಣಕ್ಕೆ ಬಂದ ಮೇಲಾಗಲಿ.