ಮನಿ ಪ್ಲಾಂಟ್ ಬಿಡಿ, ಮೊದಲು ಬೊಕೆ ನೋಡಿ

ಗಿಡ ಕಚ್ಚಿದ ಬೆಕ್ಕುಗಳ ಬಗ್ಗೆ ಪ್ರಶ್ನೆ ಬರುವುದು ನಿಲ್ಲುತ್ತಲೇ ಇಲ್ಲ. ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ನಮ್ಮ ಬಿಸಿಲಿಗೆ ಬಾಡುತ್ತವೆ ಅಂತ ಕುಂಡಗಳನ್ನೆಲ್ಲ ಒಳಗೆ ತರುತ್ತೀರಿ, ಬೆಕ್ಕೂ ಕೂಲರ್ ಮುಂದೆ ಬಿದ್ದಿರುತ್ತದೆ.

ಮನಿ ಪ್ಲಾಂಟ್ ಎಲೆ ಕಚ್ಚಿದ ಬೆಕ್ಕು ಜೊಲ್ಲು ಸುರಿಸುತ್ತಿದೆ. ಸಾಯುತ್ತದಾ? (ಸೇಡಂ)

ಸಾಮಾನ್ಯವಾಗಿ ಇಲ್ಲ. ಎಲೆಯಲ್ಲಿ ಸೂಜಿಯಂಥ ಹರಳುಗಳಿರುತ್ತವೆ, ಬಾಯಿಗೆ ಚುಚ್ಚಿ ಉರಿಯುತ್ತದೆ. ಬಾಯಿ ಒರೆಸಿ, ನೀರು ಇಡಿ. ಗಂಟಲು ಊದಿಕೊಂಡು ಉಸಿರಾಟ ಕಷ್ಟವಾದರೆ ಕೂಡಲೇ ವೈದ್ಯರ ಹತ್ತಿರ ಒಯ್ಯಿರಿ. ಪೀಸ್ ಲಿಲ್ಲಿಯದೂ ಇದೇ ಕಥೆ. ಹೆಸರಲ್ಲಿ ಲಿಲ್ಲಿ ಇದ್ದರೂ ಅದು ಬೇರೆ ಗಿಡ.

ಅಕ್ಕನ ನಿಶ್ಚಿತಾರ್ಥದ ಬೊಕೆಯಲ್ಲಿ ದೊಡ್ಡ ಬಿಳಿ ಲಿಲ್ಲಿ ಹೂಗಳಿದ್ದವು. ಬೆಕ್ಕು ಒಂದು ಎಸಳು ಕಚ್ಚಿತು. ರಾತ್ರಿ ಎರಡು ಸಲ ವಾಂತಿ ಆಯಿತು, ಈಗ ಸುಮ್ಮನೆ ಮಲಗಿದೆ. ಪಕ್ಕದ ಮನೆಯವರು ಉಪ್ಪು ನೀರು ಕುಡಿಸಿ ಅಂತಾರೆ. ಆಸ್ಪತ್ರೆಗೆ ಹೋಗಲೇಬೇಕಾ? (ಕಲಬುರಗಿ)

ಇದು ಬರೆದು ಕಳಿಸಿ ಉತ್ತರಕ್ಕೆ ಕಾಯುವ ಪ್ರಶ್ನೆಯೇ ಅಲ್ಲ. ಓದಿದ ಕೂಡಲೇ ಇವರಿಗೆ ಫೋನ್ ಮಾಡಿ ಹೊರಡಿಸಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಿಜವಾದ ಲಿಲ್ಲಿ (ಈ ಬೊಕೆಯಲ್ಲಿದ್ದಂಥದ್ದು) ಮತ್ತು ಡೇ ಲಿಲ್ಲಿ (ಒಂದೇ ದಿನ ಅರಳಿ ಬಾಡುವ ತೋಟದ ಹೂ), ಈ ಎರಡೂ ಬೆಕ್ಕಿನ ಕಿಡ್ನಿಯನ್ನೇ ಕೊಲ್ಲುತ್ತವೆ. ಎಲೆ, ಎಸಳು, ದಂಟು, ಹೂದಾನಿಯ ನೀರು, ಎಲ್ಲವೂ ವಿಷವೇ. ಮೈಮೇಲೆ ಉದುರಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು. ನಾಯಿಗೆ ಹೀಗಾಗುವುದಿಲ್ಲ, ಹಾಗಾಗಿ 'ನಮ್ಮ ನಾಯಿ ತಿಂದಿತ್ತು, ಏನೂ ಆಗಲಿಲ್ರಿ' ಅನ್ನುವವರ ಮಾತು ಕೇಳಬೇಡಿ.

ಇದರ ಮೋಸ ಇರುವುದೇ ಮಧ್ಯದಲ್ಲಿ. ಮೊದಲ ಕೆಲವು ಗಂಟೆಗಳಲ್ಲಿ ವಾಂತಿ, ಜೊಲ್ಲು. ಆಮೇಲೆ ವಾಂತಿ ನಿಲ್ಲುತ್ತದೆ, ಮನೆಯವರು ಉಸ್ಸಪ್ಪ ಅಂತಾರೆ. ಒಳಗೆ ಕಿಡ್ನಿ ಹಾಳಾಗುತ್ತಲೇ ಇರುತ್ತದೆ. ಒಂದರಿಂದ ಮೂರು ದಿನದೊಳಗೆ ಮೂತ್ರ ನಿಂತುಹೋಗಬಹುದು. ಆಗ ತಂದು ಮೇಜಿನ ಮೇಲೆ ಮಲಗಿಸಿದರೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ತಿಂದ 18 ಗಂಟೆಯೊಳಗೆ ರಕ್ತನಾಳಕ್ಕೆ ಸಲೈನ್ ಶುರುವಾದರೆ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಅದನ್ನು ಎರಡು ಮೂರು ದಿನ ಬಿಡದೆ ಹಾಕಬೇಕು, ನಡುವೆ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮತ್ತೆ ಮತ್ತೆ ಮಾಡಿಸಬೇಕು. ಚರ್ಮದ ಕೆಳಗೆ ಒಂದು ಬಾಟಲಿ ಏರಿಸಿ ಮನೆಗೆ ಕಳಿಸಿದರೆ ಒಪ್ಪಬೇಡಿ. ಮೈಮೇಲೆ ಪರಾಗ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ ಹೊರಡಿ. ಬೊಕೆಯ ಫೋಟೊ ಇರಲಿ.

ವಾಂತಿ ಮಾಡಿಸಲು ಕುಡಿಸುವ ಉಪ್ಪು ನೀರಿನ ವಿಚಾರಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಲಿಲ್ಲಿ ಬಿಟ್ಟ ಬೆಕ್ಕನ್ನು ಉಪ್ಪು ಕೊಲ್ಲಬಹುದು. ವಾಂತಿಗೆಂದೇ ಕೆಲವರು ಕೊಡುವ ಹೈಡ್ರೋಜನ್ ಪೆರಾಕ್ಸೈಡ್ ಬೆಕ್ಕಿನ ಹೊಟ್ಟೆಯ ಒಳಪದರವನ್ನೇ ಸುಡುತ್ತದೆ. ಹಾಲು ಈ ವಿಷಕ್ಕೆ ಮದ್ದಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಪ್ಯಾರಾಸಿಟಮಾಲ್ ಹಾಕುವವರೂ ಇದ್ದಾರೆ. ಬೆಕ್ಕಿಗೆ ಅರ್ಧ ಗುಳಿಗೆಯೇ ಪ್ರಾಣಕ್ಕೆ ಕುತ್ತು.

ಹತ್ತಿರದಲ್ಲಿ ರಾತ್ರಿ ಯಾರು ಬೆಕ್ಕು ನೋಡುತ್ತಾರೆ ಅಂತ ಇವತ್ತೇ ವಿಚಾರಿಸಿಡಿ. ಬೀದರ್ ಕಡೆಯವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜಿದೆ. ಇನ್ನು ಲಿಲ್ಲಿ ಇರುವ ಬೊಕೆಯನ್ನು ನಾನಂತೂ ಬೆಕ್ಕಿರುವ ಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಕೊಟ್ಟವರು ಬೇಜಾರಾದರೆ ಆಗಲಿ.

ಅಡೇನಿಯಂ ಕುಂಡ ಕಪಾಟಿನ ಮೇಲೆ ಇಟ್ಟರೆ ಸಾಕಾ? (ಬಸವಕಲ್ಯಾಣ)

ನಿಮ್ಮ ಬೆಕ್ಕು ಕಪಾಟು ಹತ್ತಲ್ವಾ? ಅಡೇನಿಯಂ, ಕಣಗಿಲೆ ಎರಡರ ಹಾಲೂ ಹೃದಯದ ಬಡಿತ ಕೆಡಿಸುತ್ತದೆ. ಯಾರಿಗಾದರೂ ಕೊಟ್ಟುಬಿಡಿ.

ಬೆಕ್ಕು ತಿನ್ನಲಿ ಅಂತ ಕುಂಡದಲ್ಲಿ ಜೋಳ ಮೊಳಕೆ ಹಾಕಬಹುದಾ? (ಶಹಾಪುರ)

ಜೋಳ ಬೆಳೆಯುವ ಊರಿನವರೇ ಇದನ್ನು ಕೇಳಿದರೆ ಹೇಗೆ? ಎಳೆ ಜೋಳಕ್ಕೆ ದನ ಬಿಡಬಾರದು ಅಂತ ನಿಮ್ಮ ತಾತನಿಗೆ ಗೊತ್ತಿತ್ತು. ಆ ಚಿಗುರಿನಿಂದ ಸಯನೈಡ್ ಹುಟ್ಟುತ್ತದೆ. ಗೋಧಿ ಹಾಕಿ.